ಜಂಬದ ಸಹಪಾಠಿಗಳ ನಡುವೆ ನೆಮ್ಮದಿಯಾಗಿ ಇರುವುದು ಹೇಗೆ?

ಉತ್ತರಪತ್ರಿಕೆ ಕೊಡುವ ದಿನ. ಪತ್ರಿಕೆ ಕೈಗೆ ಬಂದ ಕೂಡಲೇ ನೀವು ಅಂಕ ಇರುವ ಮೂಲೆಯನ್ನು ಮಡಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೀರಿ. ಅಷ್ಟರಲ್ಲಿ ಮುಂದಿನ ಬೆಂಚಿನವನು ತಿರುಗಿ "ನಿಂದೆಷ್ಟು?" ಅಂತಾನೆ. ನೀವು ಬಾಯಿ ತೆರೆಯುವ ಮೊದಲೇ "ನಂದು ತೊಂಬತ್ತಾರು, ಓದೇ ಇರ್ಲಿಲ್ಲ ಗೊತ್ತಾ" ಅಂತ ಅವನೇ ಹೇಳಿಬಿಡುತ್ತಾನೆ. ಅವನು ಕೇಳಿದ್ದು ನಿಮ್ಮ ಅಂಕ ತಿಳಿಯುವುದಕ್ಕೆ ಅಲ್ಲ, ತನ್ನದನ್ನು ಹೇಳುವುದಕ್ಕೆ.

ಅಂಕ ಒಂದೇ ಅಲ್ಲ. ಹೊಸ ಫೋನು, ಹೊಸ ಶೂ, ಅಪ್ಪನ ಕಾರು, ರಜೆಯಲ್ಲಿ ಹೋಗಿ ಬಂದ ಜಾಗ, ಆಟದ ತಂಡದಲ್ಲಿ ಸಿಕ್ಕ ಸ್ಥಾನ, ಎಲ್ಲದಕ್ಕೂ ಬಿಲ್ಡಪ್ ಕೊಡುವವರು ಹೆಚ್ಚುಕಮ್ಮಿ ಪ್ರತಿ ತರಗತಿಯಲ್ಲೂ ಇರುತ್ತಾರೆ. ದೊಡ್ಡವರ ಹತ್ತಿರ ಹೇಳಿಕೊಂಡರೆ "ಸುಮ್ನೆ ಬಿಟ್ಬಿಡು, ತಲೆ ಕೆಡಿಸ್ಕೋಬೇಡ" ಅಂತಾರೆ. ಬಿಡುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ದಿನವಿಡೀ ಒಂದೇ ಕೋಣೆಯಲ್ಲಿ ಕೂರಬೇಕಾದವರು ಕಿವಿ ಮುಚ್ಚಿಕೊಂಡು ಇರೋಕಾಗುತ್ತಾ?

ನನ್ನ ಅನುಭವದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ದಾರಿ. ಅವರು ಹೂಡುವ ಪೈಪೋಟಿಯೊಳಗೆ ಕಾಲಿಡದೆ, ಆದರೆ ಅವರನ್ನು ದೂರವೂ ತಳ್ಳದೆ ಮಾತಾಡಿಸುವುದು. ಇದು ಒಂದೇ ದಿನಕ್ಕೆ ಬರುವುದಿಲ್ಲ. ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ನಡೆಯುತ್ತಿರುವುದು ಏನು ಅಂತ ಬೇರೆ ಮಾಡಿ ನೋಡಿ

ಮೂರು ಮಾತು ಕೇಳಿ.

"ಇವತ್ತು ನಾನು ಎಷ್ಟು ಚೆನ್ನಾಗಿ ಆಡ್ದೆ ಗೊತ್ತಾ!"

"ಈ ಕ್ಲಾಸಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಆಡಲ್ಲ."

"ನಿಂಗೆ ಆಟ ಬರಲ್ಲ, ಆಚೆ ಕೂತ್ಕೋ."

ಮೊದಲನೆಯದು ಖುಷಿ. ಅದನ್ನು ಖುಷಿ ಅಂತಲೇ ತೆಗೆದುಕೊಳ್ಳಿ. ಎರಡನೆಯದು ಬಡಾಯಿ. ಕೇಳೋಕೆ ಕಿರಿಕಿರಿ, ಆದರೆ ನಿಮ್ಮನ್ನು ಗುರಿ ಮಾಡಿದ್ದಲ್ಲ. ಮೂರನೆಯದು ಅವಮಾನ. ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿ "ಅವನಿಗೆ ಧಿಮಾಕು" ಅಂದುಬಿಟ್ಟರೆ ಏನು ಮಾಡಬೇಕು ಅನ್ನುವುದೇ ಹೊಳೆಯುವುದಿಲ್ಲ. ಖುಷಿಯ ಮಾತಿಗೆ ಮುಖ ಸಿಂಡರಿಸಿದರೆ ತಪ್ಪು ನಮ್ಮದು. ಅವಮಾನವನ್ನು "ಅವನ ಸ್ವಭಾವಾನೇ ಹಾಗೆ" ಅಂತ ನುಂಗಿಕೊಂಡರೆ ಅದು ನಾಳೆಯೂ ಬರುತ್ತದೆ.

ಒಂದು ವಾರ ಸುಮ್ನೆ ಗಮನಿಸಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರು ಆಡಿದ ಮಾತನ್ನು ಹಾಗೆಯೇ ಬರೆದಿಡಿ. ಮನೆಗೆ ಹೋಗಿ ತಣ್ಣಗೆ ಓದಿದಾಗ ಕೆಲವು ಮಾತು ಬರೀ ಸಂಭ್ರಮ ಅಂತ ಗೊತ್ತಾಗುತ್ತದೆ. ಕೆಲವು ಮಾತ್ರ ಆಗಲೂ ಚುಚ್ಚುತ್ತವೆ. ಆ ಕೆಲವನ್ನೇ ನಾವು ನೋಡಿಕೊಳ್ಳಬೇಕಾದದ್ದು.

ಇಲ್ಲೇ ಇನ್ನೊಂದು ಮಾತು. ಯಾರ ಜೊತೆಗೂ ಮಾತಾಡದ, ಬಿಡುವಿನಲ್ಲಿ ಒಬ್ಬರೇ ಕೂರುವ ಹುಡುಗ ಹುಡುಗಿಯರನ್ನೂ ನಾವು ಜಂಬದವರು ಅಂದುಬಿಡುತ್ತೇವೆ. ಎಷ್ಟೋ ಸಲ ಅದು ಬರೀ ಸಂಕೋಚ. ಅವರನ್ನು ಈ ಪಟ್ಟಿಗೆ ಸೇರಿಸಬೇಡಿ.

ಹೆಜ್ಜೆ 2: ಅವರು ಯಾಕೆ ಹಾಗೆ ಮಾಡುತ್ತಾರೆ ಅಂತ ಸ್ವಲ್ಪ ತಿಳಿದುಕೊಳ್ಳಿ

ನಾವು ಹೇಗಿದ್ದೇವೆ ಅಂತ ತಿಳಿಯೋಕೆ ಅಕ್ಕಪಕ್ಕದವರ ಜೊತೆ ಹೋಲಿಸಿ ನೋಡಿಕೊಳ್ಳುವುದು ಮನುಷ್ಯರ ಅಭ್ಯಾಸ. ಲಿಯಾನ್ ಫೆಸ್ಟಿಂಜರ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಒಂದು ಸಿದ್ಧಾಂತವಾಗಿ ಬರೆದರು. ಸಾಮರ್ಥ್ಯದಲ್ಲಿ ನಮಗೆ ಹತ್ತಿರ ಇರುವವರ ಜೊತೆಗೇ ನಾವು ಜಾಸ್ತಿ ಹೋಲಿಸಿಕೊಳ್ಳುತ್ತೇವೆ ಅಂತಲೂ ಅವರು ಹೇಳಿದರು. ಯೋಚಿಸಿ, ಒಂದೇ ವಯಸ್ಸು, ಒಂದೇ ಪಾಠ, ಒಂದೇ ಪರೀಕ್ಷೆ, ಒಂದೇ ಬೆಂಚು. ಹೋಲಿಕೆಗೆ ತರಗತಿಗಿಂತ ಹದವಾದ ಜಾಗ ಇನ್ನೊಂದಿಲ್ಲ.

ಮೇಲಾಗಿ ತನ್ನ ಬಗ್ಗೆ ಮಾತಾಡುವುದೇ ಒಂದು ಸುಖ. ಹಾರ್ವರ್ಡ್ ವಿಶ್ವವಿದ್ಯಾಲಯದ ಡಯಾನಾ ಟಾಮಿರ್ ಮತ್ತು ಜೇಸನ್ ಮಿಚೆಲ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಮಿದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಭಾಗಗಳು ಚುರುಕಾದವು. ಸಿಗಬೇಕಾದ ಹಣದಲ್ಲಿ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ನಮ್ಮ ಬಗ್ಗೆಯೇ ಹೇಳುತ್ತೇವೆ ಅಂತ ಅದರಲ್ಲಿ ಭಾಗವಹಿಸಿದವರು ಒಪ್ಪಿಕೊಂಡರು!

ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ವಿಷಯ. ಸಂಶೋಧಕಿ ಐರೀನ್ ಸ್ಕೋಪೆಲಿಟಿ ಮತ್ತು ಜೊತೆಗಾರರು 2015ರಲ್ಲಿ ತೋರಿಸಿಕೊಟ್ಟದ್ದು ಇದು: ಕೊಚ್ಚಿಕೊಳ್ಳುವವರು, ಕೇಳುವವರಿಗೆ ನಿಜವಾಗಿ ಆಗುವುದಕ್ಕಿಂತ ಹೆಚ್ಚು ಖುಷಿ ಆಗುತ್ತಿದೆ ಅಂತ ಅಂದುಕೊಳ್ಳುತ್ತಾರೆ. ಎದುರಿಗಿದ್ದವರ ಕಿರಿಕಿರಿಯನ್ನು ಇರುವುದಕ್ಕಿಂತ ಕಡಿಮೆ ಅಂತ ಅಂದಾಜು ಮಾಡುತ್ತಾರೆ. ಅಂದರೆ ಮುಂದಿನ ಬೆಂಚಿನವನು ಬೇಕಂತಲೇ ನಿಮ್ಮನ್ನು ಉರಿಸುತ್ತಿದ್ದಾನೆ ಅಂತ ನಿಮಗೆ ಅನಿಸಬಹುದು. ಅವನಿಗೋ, ನೀವೂ ಸಂಭ್ರಮಪಡುತ್ತಿದ್ದೀರಿ ಅನ್ನುವ ಭ್ರಮೆ ಇರಬಹುದು.

ಜಂಬ ಮಾಡುವವರೆಲ್ಲ ಒಳಗೊಳಗೇ ಕೀಳರಿಮೆಯಿಂದ ನರಳುತ್ತಿರುತ್ತಾರೆ ಅಂತ ಹೇಳುವುದುಂಟು. ಕೆಲವರ ವಿಷಯದಲ್ಲಿ ನಿಜ, ಎಲ್ಲರ ವಿಷಯದಲ್ಲಿ ಅಲ್ಲ. ಸಂಶೋಧಕ ಎಡ್ಡಿ ಬ್ರುಮೆಲ್‌ಮನ್ ಮತ್ತು ಜೊತೆಗಾರರು 7ರಿಂದ 12 ವರ್ಷದ ಮಕ್ಕಳನ್ನು ಗಮನಿಸಿ 2015ರಲ್ಲಿ ಬರೆದ ಪ್ರಕಾರ, "ನಮ್ಮ ಮಗು ಉಳಿದವರಿಗಿಂತ ವಿಶೇಷ" ಅಂತ ಅಪ್ಪ ಅಮ್ಮ ಅತಿಯಾಗಿ ನಂಬಿದಲ್ಲಿ ಮಕ್ಕಳಲ್ಲಿ ಅಹಂಕಾರ ಬೆಳೆಯುವುದು ಕಂಡುಬಂತು. ಬರೀ ಪ್ರೀತಿ ತೋರಿಸಿದಲ್ಲಿ ಹಾಗಾಗಲಿಲ್ಲ, ತನ್ನ ಮೇಲೆ ಗೌರವ ಬೆಳೆಯಿತು. ಆದ್ದರಿಂದ ಅವನನ್ನು ನೋಡಿ "ಪಾಪ" ಅಂದುಕೊಳ್ಳುವ ಅಗತ್ಯವೂ ಇಲ್ಲ, "ಕೆಟ್ಟವನು" ಅಂದುಕೊಳ್ಳುವ ಅಗತ್ಯವೂ ಇಲ್ಲ. ಅವನಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ, ಅಷ್ಟೇ.

ಹೆಜ್ಜೆ 3: ನಿಮ್ಮ ಹೊಟ್ಟೆಯ ಉರಿಯನ್ನೂ ನೋಡಿಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಹೊಟ್ಟೆಕಿಚ್ಚು ಅನ್ನುವ ಪದ ಕೇಳಿದರೆ ನಮಗೆ ನಾಚಿಕೆ ಆಗುತ್ತದೆ. ಆಗಬೇಕಾಗಿಲ್ಲ. ಇನ್ನೊಬ್ಬರ ಹತ್ತಿರ ಒಂದು ಒಳ್ಳೆಯ ವಸ್ತು ಇದ್ದಾಗ ಮನಸ್ಸು ಚುರ್ ಅನ್ನುವುದು ಸಹಜ.

ಒಂದು ಪ್ರಶ್ನೆ ಕೇಳಿಕೊಳ್ಳಿ. ನನಗೆ ಬೇಕಾಗಿರುವುದು ಆ ವಸ್ತುವಾ, ಅಥವಾ ಆ ವಸ್ತುವಿಂದ ಅವನಿಗೆ ಸಿಗುತ್ತಿರುವ ಗಮನವಾ? ಅವನ ತೊಂಬತ್ತಾರು ನಿಮಗೂ ಬೇಕು ಅನಿಸಿದರೆ ಅದಕ್ಕೆ ದಾರಿ ಇದೆ: ಯಾವ ಪಾಠದಲ್ಲಿ ಅಂಕ ಹೋಯಿತು ಅಂತ ನೋಡಿ, ಗುರುಗಳನ್ನು ಕೇಳಿ. ನಿಮಗೆ ಬೇಕಾಗಿರುವುದು ಗಮನ ಆದರೆ, ನಿಮ್ಮ ಮಾತನ್ನು ಮನಸ್ಸಿಟ್ಟು ಕೇಳುವ ಇಬ್ಬರು ಗೆಳೆಯರು ಸಾಕು. ಇಡೀ ತರಗತಿ ತಿರುಗಿ ನೋಡಬೇಕಾಗಿಲ್ಲ.

ಇನ್ನೊಂದು ಸಮಾಧಾನದ ವಿಷಯ ಇದೆ. "ನನ್ನ ಹಳೇ ಶೂ ಎಲ್ಲರ ಕಣ್ಣಿಗೂ ಬೀಳ್ತಿದೆ" ಅಂತ ನಮಗೆ ಅನಿಸುತ್ತಿರುತ್ತದೆ ಅಲ್ವಾ? ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಮುಜುಗರ ಆಗುವಂಥ ಚಿತ್ರ ಇರುವ ಟೀ ಶರ್ಟ್ ಹಾಕಿಸಿ, ವಿದ್ಯಾರ್ಥಿಯೊಬ್ಬರನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. 2000ದಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮ ಶೂ ನೋಡುವಷ್ಟು ಪುರುಸೊತ್ತು ಬೇರೆಯವರಿಗಿಲ್ಲ. ಅವರೂ ತಮ್ಮ ಶೂ ಬಗ್ಗೆಯೇ ಯೋಚಿಸುತ್ತಿರುತ್ತಾರೆ.

ಹೆಜ್ಜೆ 4: ಆ ಕ್ಷಣದಲ್ಲಿ ಏನು ಹೇಳಬೇಕು

ನಾನು ಎಂಟನೇ ತರಗತಿಯಲ್ಲಿದ್ದಾಗ ಒಬ್ಬ ಗೆಳೆಯ ಹೊಸ ಕೈಗಡಿಯಾರ ಕಟ್ಟಿಕೊಂಡು ಬಂದ. ಎಡಗೈಯ ತೋಳನ್ನು ಮಾತ್ರ ಮೊಣಕೈವರೆಗೆ ಮಡಚಿದ್ದ, ಬಲಗೈಯದು ಹಾಗೇ ಇತ್ತು. ಯಾರೂ ಕೇಳದಿದ್ದರೂ ಐದು ನಿಮಿಷಕ್ಕೊಮ್ಮೆ ಟೈಮ್ ಹೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ನಮ್ಮ ಮಾವ ಹೊರದೇಶದಿಂದ ಇದಕ್ಕಿಂತ ಒಳ್ಳೇದು ತರ್ತಿದಾರೆ" ಅಂದುಬಿಟ್ಟೆ. ಅಂಥ ಮಾವ ನನಗೆ ಇರಲೇ ಇಲ್ಲ. ಮರುದಿನದಿಂದ ಶುರುವಾಯಿತು: "ಬಂದ್ರಾ ನಿಮ್ಮ ಮಾವ?" ಮೂರು ವಾರ ದಿನವೂ ಅದೇ ಪ್ರಶ್ನೆ. ಅವನ ಬೆಂಚು ದಾಟಬಾರದು ಅಂತ ನಾನು ಹಿಂದಿನ ಬಾಗಿಲಿಂದ ಓಡಾಡುತ್ತಿದ್ದೆ. ಅವನು ಹೇಳಿದ ಬಡಾಯಿಗೆ ಹತ್ತೇ ನಿಮಿಷದ ಆಯುಷ್ಯ ಇತ್ತು. ನನ್ನ ಸುಳ್ಳಿಗೆ ಮೂರು ವಾರ.

ಹಾಗಾಗಿ ಮೊದಲನೆಯದಾಗಿ, ಬಡಾಯಿಗೆ ಬಡಾಯಿಯ ಉತ್ತರ ಬೇಡ. ಸುಳ್ಳು ಅಂತೂ ಬೇಡವೇ ಬೇಡ. ಎಲ್ಲರೆದುರು ಮಾತಲ್ಲೇ ಚುಚ್ಚಿ ಮುಯ್ಯಿ ತೀರಿಸಿಕೊಳ್ಳುವುದೂ ಬೇಡ. ಸುತ್ತಲಿನವರು ನಕ್ಕಾಗ ಒಂದು ಗಳಿಗೆ ಗೆದ್ದ ಹಾಗೆ ಅನಿಸುತ್ತದೆ. ಅವನು ಮಾತ್ರ ಅದನ್ನು ಮರೆಯುವುದಿಲ್ಲ.

ಹಾಗಂತ ಏನೂ ಕೇಳಿಸದವರ ಹಾಗೆ ಮುಖ ತಿರುಗಿಸುವುದನ್ನೂ ನಾನು ಒಪ್ಪುವುದಿಲ್ಲ. ಅದು ಹೆಚ್ಚು ದಿನ ನಡೆಯುವುದಿಲ್ಲ. ನೀವು ಕಷ್ಟಪಟ್ಟು ಕೇಳಿಸಿಕೊಳ್ಳದೆ ಇದ್ದೀರಿ ಅಂತ ಅವನಿಗೆ ಗೊತ್ತಾದರೆ ಧ್ವನಿ ಇನ್ನೂ ಏರುತ್ತದೆ. ಒಂದು ಚಿಕ್ಕ, ನಿಜವಾದ ಉತ್ತರ ಕೊಟ್ಟು ನಿಮ್ಮ ಕೆಲಸಕ್ಕೆ ಮರಳಿ. ಉದಾಹರಣೆಗೆ:

"ತೊಂಬತ್ತಾರಾ? ಚೆನ್ನಾಗಿ ಬಂದಿದೆ. ಆ ಕೊನೇ ಲೆಕ್ಕ ಹೇಗ್ ಮಾಡ್ದೆ?"

"ನಾನು ಅಂಕ ಹೇಳ್ಕೊಳಲ್ಲ ಕಣೋ. ನಿಂಗೆ ಖುಷಿ ಆಯ್ತಲ್ಲ, ಸಾಕು."

"ಹೂಂ, ಹೊಸ ಫೋನ್ ಚೆನ್ನಾಗಿದೆ. ಬಾ, ಬೆಲ್ ಹೊಡೀತು."

"ಈ ವಿಷಯ ಆಗ್ಲೇ ಹೇಳಿದೀಯ ಕಣೇ. ಬೇರೆ ಏನಾದ್ರೂ ಮಾತಾಡೋಣ."

ಕೊನೆಯದನ್ನು ನಗುಮುಖದಿಂದಲೇ ಹೇಳಿ, ಅದೂ ನಿಜವಾಗಿಯೂ ಮೂರ್ನಾಲ್ಕು ಸಲ ಕೇಳಿದ ಮೇಲೆ. ನಿಮಗೆ ಹಿಡಿಸದ ವಸ್ತುವನ್ನು "ಸೂಪರ್" ಅಂತ ಹೊಗಳಬೇಕಾಗಿಲ್ಲ. "ಓ, ಹೌದಾ" ಅಂದರೂ ಸಾಕು.

ಮಾತಿಗಿಂತ ಜಾಸ್ತಿ ಕೆಲಸ ಮಾಡುವುದು ಕೈ. ಅವನು ಮಾತಾಡುವಾಗ ನೀವು ಪೆನ್ಸಿಲ್ ಚೂಪು ಮಾಡುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ಕಣ್ಣೆತ್ತಿ ನೋಡಿ, ಉತ್ತರ ಕೊಡಿ, ಪೆನ್ಸಿಲ್ ಮುಗಿಸಿ. ಬೆವರುವುದು, ಮುಖ ಕೆಂಪಾಗುವುದು ನಮ್ಮ ಕೈಲಿಲ್ಲ. ಕೈಗೆ ಒಂದು ಕೆಲಸ ಇದ್ದರೆ ಧ್ವನಿ ತಾನಾಗಿ ಹದಕ್ಕೆ ಬರುತ್ತದೆ. ನಿಮಗೆ ಸರಿಹೊಂದುವ ಎರಡು ವಾಕ್ಯ ಆರಿಸಿಕೊಂಡು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಬಾಯಿಗೆ ಒಗ್ಗದ ಮಾತು ಬೇಕಾದ ಹೊತ್ತಿಗೆ ಹೊರಗೆ ಬರುವುದಿಲ್ಲ.

ಹೆಜ್ಜೆ 5: ಬೆಲೆ ಬಿಟ್ಟು ಬೇರೆ ಏನಾದರೂ ಕೇಳಿ

ಆ ಗಡಿಯಾರದ ಕತೆ ಅಲ್ಲಿಗೇ ಮುಗಿಯಲಿಲ್ಲ. ಒಂದು ದಿನ ಮಳೆ ಬಂದು ಆಟದ ಪೀರಿಯಡ್ ತಪ್ಪಿತು. ಇಬ್ಬರೂ ಪಕ್ಕಪಕ್ಕ ಕೂರಬೇಕಾಯಿತು. ದೊಡ್ಡ ಮುಳ್ಳುಗಳ ಕೆಳಗೆ ಇನ್ನೊಂದು ಪುಟ್ಟ ಚಕ್ರ ಇತ್ತು, ಅದರೊಳಗೊಂದು ಕೂದಲಷ್ಟು ಸಣ್ಣ ಮುಳ್ಳು. "ಇದು ಯಾಕೋ?" ಅಂತ ಕೇಳಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಧ್ವನಿಯೇ ಬದಲಾಯಿತು. ಪಕ್ಕದ ಗುಂಡಿ ಒತ್ತಿದರೆ ಅದು ಹೇಗೆ ನಿಮಿಷ ಎಣಿಸುತ್ತದೆ ಅಂತ ತೋರಿಸಿದ. ನನ್ನ ಕೈಗೆ ಕೊಟ್ಟು "ನೀನು ಒತ್ತು" ಅಂದ. ಓಟದ ಸ್ಪರ್ಧೆ ಅಭ್ಯಾಸ ಮಾಡುವಾಗ ಅದನ್ನು ಬಳಸುತ್ತಾನಂತೆ. ಅವನು ಬೆಳಿಗ್ಗೆ ಎದ್ದು ಓಡುತ್ತಾನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಅವನು ಒಂದು ಸಲವೂ ಬಡಾಯಿ ಕೊಚ್ಚಲಿಲ್ಲ.

"ಎಷ್ಟಾಯ್ತು?" ಅಂತ ಕೇಳಿದರೆ ಬಡಾಯಿ ಬರುತ್ತದೆ. "ಹೇಗೆ?" ಅಂತ ಕೇಳಿದರೆ ಮಾತುಕತೆ ಶುರುವಾಗುತ್ತದೆ. ಅಂಕದಲ್ಲೂ ಹಾಗೇ. "ಎಷ್ಟು ಬಂತು?" ಬದಲು "ಆ ಪಾಠ ಹೇಗೆ ಓದ್ಕೊಂಡೆ?" ಅಂತ ಕೇಳಿ. ಅವರು ನಿಜವಾಗಿ ಕಷ್ಟಪಟ್ಟಿದ್ದರೆ ಆ ಕಷ್ಟವನ್ನು ಹೆಸರಿಟ್ಟು ಮೆಚ್ಚಿ. "ದಿನಾ ಅಭ್ಯಾಸ ಮಾಡ್ತೀಯಲ್ಲ, ಅದು ದೊಡ್ಡದು" ಅನ್ನಿ. ಎಲ್ಲರ ಜೊತೆಗೂ ಇದು ನಡೆಯುತ್ತದೆ ಅಂತ ಹೇಳಲಾರೆ. ಎರಡು ಮೂರು ಸಲ ಕೇಳಿಯೂ ಉತ್ತರ ಮತ್ತೆ ಬೆಲೆಗೇ ಬಂದು ನಿಂತರೆ ಬಿಟ್ಟುಬಿಡಿ, ನಾಲ್ಕನೇ ಹೆಜ್ಜೆಯ ಚಿಕ್ಕ ಉತ್ತರ ಇದ್ದೇ ಇದೆ.

ಹೆಜ್ಜೆ 6: ಒಟ್ಟಿಗೆ ಕೆಲಸ ಮಾಡಬೇಕಾದಾಗ

ಗುಂಪಿನ ಪ್ರಾಜೆಕ್ಟ್‌ನಲ್ಲಿ ಇಂಥವರು ಸಿಕ್ಕರೆ ಕಷ್ಟ. ಮಾಡಿದ್ದು ನಾಲ್ವರು, ಮುಂದೆ ನಿಂತು "ನಾನು ಮಾಡಿಸ್ದೆ" ಅನ್ನುವುದು ಒಬ್ಬರು. ಆಮೇಲೆ ಜಗಳ ಆಡುವುದಕ್ಕಿಂತ ಮೊದಲ ದಿನವೇ ಕೆಲಸ ಹಂಚಿಕೊಳ್ಳಿ. ಯಾರು ಚಿತ್ರ, ಯಾರು ಬರಹ, ಯಾರು ಮಾಹಿತಿ ಅಂತ ಒಂದು ಹಾಳೆಯಲ್ಲಿ ಹೆಸರಿನ ಜೊತೆ ಬರೆದು ಪ್ರಾಜೆಕ್ಟಿನ ಮೊದಲ ಪುಟಕ್ಕೇ ಅಂಟಿಸಿ. ಯಾರು ಯಾವ ಭಾಗ ಮಾಡಿದರೋ ಅವರೇ ಅದನ್ನು ತರಗತಿಯಲ್ಲಿ ವಿವರಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. "ನೀನು ಕದ್ದೆ" ಅಂತ ಬೈಯುವ ಪ್ರಸಂಗವೇ ಬರುವುದಿಲ್ಲ.

ಅವನು ಒಂದು ಕೆಲಸದಲ್ಲಿ ನಿಜವಾಗಿಯೂ ಗಟ್ಟಿ ಇದ್ದರೆ ಅದನ್ನು ಅವನಿಗೇ ಕೊಡಿ. ಮಾತು ಚೆನ್ನಾಗಿ ಬರುವವನು ಪೀಠಿಕೆ ಹೇಳಲಿ. ಜಂಬದವನು ಅಂತ ಅವನ ಸಾಮರ್ಥ್ಯವನ್ನೂ ಅಲ್ಲಗಳೆಯುವುದು ನ್ಯಾಯ ಅಲ್ಲ.

ಹೆಜ್ಜೆ 7: ಫೋನಿನಲ್ಲಿ

ಇಲ್ಲಿ ಹೇಳುವುದು ಕಡಿಮೆ. ಯಾರ ಸ್ಟೇಟಸ್ ನೋಡಿದಾಗಲೆಲ್ಲ ಮನಸ್ಸು ಕೆಡುತ್ತದೋ ಅವರನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ, ಸ್ನೇಹವೂ ಕೆಡುವುದಿಲ್ಲ. ತರಗತಿಯ ಗುಂಪಿನಲ್ಲಿ ಅವರ ಫೋಟೋಕ್ಕೆ ಚುಚ್ಚುಮಾತು ಬರೆಯಬೇಡಿ. ಬರೆದದ್ದರ ಸ್ಕ್ರೀನ್‌ಶಾಟ್ ಉಳಿಯುತ್ತದೆ, ಬರೆಯುವಂತೆ ಮಾಡಿದ ಕಾರಣ ಉಳಿಯುವುದಿಲ್ಲ.

ಹೆಜ್ಜೆ 8: ಬಡಾಯಿ ಅವಮಾನವಾದರೆ

ಇಲ್ಲಿಂದ ಮುಂದೆ ಮಾತು ಬೇರೆ. ಶಾಲೆಗಳಲ್ಲಿ ನಡೆಯುವ ಕಿರುಕುಳದ ಬಗ್ಗೆ ಬಹಳ ಮೊದಲೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಅದನ್ನು ಗುರುತಿಸುವುದಕ್ಕೆ ಮೂರು ಗುರುತು ಕೊಟ್ಟಿದ್ದಾರೆ. ನೋಯಿಸಬೇಕು ಅಂತಲೇ ಮಾಡಿದ್ದು. ಮತ್ತೆ ಮತ್ತೆ ಮಾಡಿದ್ದು. ಎದುರಿಗಿರುವವರಿಗೆ ತಿರುಗಿ ನಿಲ್ಲುವ ಬಲ ಇಲ್ಲದಿರುವುದು. ಬಟ್ಟೆ, ಬಣ್ಣ, ಮನೆ, ಅಪ್ಪ ಅಮ್ಮನ ಕೆಲಸ, ಅಂಕ ಹಿಡಿದು ಒಬ್ಬರನ್ನೇ ಪದೇ ಪದೇ ಹೀಯಾಳಿಸುತ್ತಿದ್ದರೆ ಅದು ಶೋ ಆಫ್ ಅಲ್ಲ, ಕಿರುಕುಳ. ಅದನ್ನು ನೀವು ಸಹಿಸಿಕೊಳ್ಳಬೇಕಾಗಿಲ್ಲ.

ಮೊದಲು ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿ: "ನನ್ನ ಮನೆಯವರ ಬಗ್ಗೆ ಹೀಗೆ ಮಾತಾಡ್ಬೇಡ." ಯಾಕೆ ಅಂತ ವಿವರಿಸಬೇಡಿ, ವಾದಕ್ಕೆ ನಿಲ್ಲಬೇಡಿ. ಹೇಳಿ ಅಲ್ಲಿಂದ ನಡೆಯಿರಿ. ಒಬ್ಬರೇ ಹೇಳೋಕೆ ಭಯ ಆದರೆ, ಅಥವಾ ಅವರು ಕೈ ಮಾಡುವವರಾದರೆ, ಇದನ್ನು ಬಿಟ್ಟು ಸೀದಾ ದೊಡ್ಡವರ ಹತ್ತಿರ ಹೋಗಿ.

ಪಕ್ಕದಲ್ಲಿ ನಿಂತು ನೋಡುವವರಿಗೂ ಒಂದು ಮಾತು ಹೇಳಬೇಕು, ಯಾಕೆಂದರೆ ಬಹಳಷ್ಟು ದಿನ ನಾವು ಇರುವುದು ಆ ಜಾಗದಲ್ಲೇ. ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ನಡೆದದ್ದನ್ನು ವೀಡಿಯೋ ಮಾಡಿ ನೋಡಿ 2001ರಲ್ಲಿ ಬರೆದದ್ದು ಇದು: ಬೇರೆ ಮಕ್ಕಳು ಮಧ್ಯೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ 57 ಶೇಕಡಾ, ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತಿತು. ಹತ್ತು ಸೆಕೆಂಡು! ಹೊಡೆದಾಡಬೇಕಾಗಿಲ್ಲ. "ಏಯ್, ಬಿಡೋ ಅವ್ನನ್ನ" ಅನ್ನುವುದು, ಅಥವಾ ನೊಂದವರ ಪಕ್ಕ ಹೋಗಿ "ಬಾ, ಹೋಗೋಣ" ಅನ್ನುವುದು. ಕನಿಷ್ಠ, ಹೀಯಾಳಿಸಿದಾಗ ನಗಬೇಡಿ. ಆ ನಗುವಿಗಾಗಿಯೇ ಎಷ್ಟೋ ಸಲ ಆ ಮಾತು ಬಂದಿರುತ್ತದೆ.

ಆಮೇಲೂ ನಿಲ್ಲದಿದ್ದರೆ ತರಗತಿಯ ಗುರುಗಳಿಗೆ ಹೇಳಿ. "ಅವನಿಗೆ ತುಂಬಾ ಜಂಬ ಸರ್" ಅಂದರೆ ಅವರು ಏನೂ ಮಾಡೋಕಾಗುವುದಿಲ್ಲ. ಒಂದನೇ ಹೆಜ್ಜೆಯಲ್ಲಿ ಬರೆದಿಟ್ಟ ಪುಟ ಈಗ ಕೆಲಸಕ್ಕೆ ಬರುತ್ತದೆ. ಯಾವ ದಿನ, ಎಲ್ಲಿ, ಏನು ಅಂದರು, ಯಾರು ಇದ್ದರು, ಎಷ್ಟನೇ ಸಲ ಅಂತ ಹೇಳಿ. ಕೊನೆಗೆ ನಿಮಗೆ ಏನು ಬೇಕು ಅಂತಲೂ ಹೇಳಿ: "ನನ್ನ ಜಾಗ ಬದಲಾಯಿಸಿ ಮೇಡಂ" ಅಥವಾ "ಅವರ ಜೊತೆ ಒಂದ್ಸಲ ಮಾತಾಡಿ ಸರ್". ಎಲ್ಲರೆದುರು ಹೇಳಬೇಡಿ, ತರಗತಿ ಮುಗಿದ ಮೇಲೆ ಹೋಗಿ. ಗುರುಗಳು ಕಿವಿಗೊಡದಿದ್ದರೆ ಮನೆಯಲ್ಲಿ ಹೇಳಿ, ಮನೆಯವರು ಮುಖ್ಯ ಶಿಕ್ಷಕರ ಹತ್ತಿರ ಮಾತಾಡಲಿ.

ಇದು ಚಾಡಿ ಹೇಳಿದ ಹಾಗಾಗುತ್ತೆ ಅಂತ ಹಿಂಜರಿಯುತ್ತೀರಾ? ಒಬ್ಬರನ್ನು ಸಿಕ್ಕಿಸಬೇಕು ಅಂತ ಹೇಳುವುದು ಚಾಡಿ. ಒಬ್ಬರು ನೋಯುವುದು ನಿಲ್ಲಲಿ ಅಂತ ಹೇಳುವುದು ಸಹಾಯ ಕೇಳುವುದು. ಆ ಒಬ್ಬರು ನೀವೇ ಆಗಿದ್ದರೂ ಅದು ಸಹಾಯವೇ. ಶಾಲೆಗೆ ಹೋಗೋಕೇ ಭಯ ಆಗುತ್ತಿದ್ದರೆ, ರಾತ್ರಿ ನಿದ್ದೆ ಬರದಿದ್ದರೆ, ಇನ್ನೊಂದು ದಿನವೂ ಕಾಯಬೇಡಿ. ಇವತ್ತೇ ಮನೆಯಲ್ಲಿ ಹೇಳಿ.

ಹೆಜ್ಜೆ 9: ಜಂಬ ಮಾಡುತ್ತಿರುವವರು ನಿಮ್ಮ ಗೆಳೆಯರೇ ಆಗಿದ್ದರೆ

ಎಲ್ಲಕ್ಕಿಂತ ಕಷ್ಟ ಇದು. ಮೊದಲು ಹೀಗಿರಲಿಲ್ಲ, ಒಂದು ಬಹುಮಾನ ಬಂದ ಮೇಲೋ ಹೊಸ ಗುಂಪು ಸೇರಿದ ಮೇಲೋ ಬದಲಾದರು. ನೀವು ಬೆನ್ನ ಹಿಂದೆ ಬೇರೆಯವರ ಹತ್ತಿರ ಹೇಳಿಕೊಂಡು ಓಡಾಡಿದರೆ ಸ್ನೇಹ ಮುಗಿಯಿತು. ಒಬ್ಬರೇ ಸಿಕ್ಕಾಗ, ಮನೆಗೆ ನಡೆಯುವ ದಾರಿಯಲ್ಲಿ ಹೇಳಿ. ಮುಖಕ್ಕೆ ಮುಖ ಕೊಟ್ಟು ಕೂತು ಹೇಳುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತಾ ಹೇಳುವುದು ಇಬ್ಬರಿಗೂ ಸುಲಭ.

"ನೀನು ಸೊಕ್ಕಿನವಳಾಗಿದೀಯ" ಅನ್ನಬೇಡಿ. ನಡೆದ ಒಂದು ಸಂಗತಿ ಹಿಡಿದು ಹೇಳಿ. "ನಿನ್ನೆ ನೀನು ಎಲ್ರ ಮುಂದೆ ನನ್ನ ಅಂಕ ಓದಿ ಹೇಳ್ದಾಗ ನಂಗೆ ಬೇಜಾರಾಯ್ತು. ನಿಂಗೆ ಬಹುಮಾನ ಬಂದಾಗ ನಾನೇ ಮೊದ್ಲು ಚಪ್ಪಾಳೆ ತಟ್ಟಿದ್ದು ಕಣೇ." ಅಷ್ಟು ಸಾಕು. ಉತ್ತರಕ್ಕೆ ಒತ್ತಾಯ ಮಾಡಬೇಡಿ.

ಅವಳಿಗೆ ಕೋಪ ಬರಬಹುದು. "ನಿಂಗೆ ಹೊಟ್ಟೆಕಿಚ್ಚು" ಅನ್ನಲೂಬಹುದು. ನಿಮ್ಮೊಳಗೆ ಸ್ವಲ್ಪ ಇದ್ದರೆ "ಸ್ವಲ್ಪ ಇದೆ, ಆದ್ರೆ ನಾನು ಹೇಳಿದ್ದು ಅದಕ್ಕಲ್ಲ" ಅಂತ ಒಪ್ಪಿಕೊಳ್ಳಿ. ಆಮೇಲೆ ಆ ವಿಷಯ ಎತ್ತಬೇಡಿ. ಒಂದೆರಡು ದಿನ ಅವಳು ಬೇರೆ ಕಡೆ ಕೂತರೂ ಕೂರಲಿ. ನಿಮ್ಮ ಬೆಂಚಿನಲ್ಲಿ ಅವಳ ಜಾಗಕ್ಕೆ ಬ್ಯಾಗ್ ಇಡಬೇಡಿ, ಖಾಲಿ ಬಿಟ್ಟಿರಿ.